ಹೊಲಿಗೆ ಮಷಿನ್ ಜೊತೆ ಅಕ್ಷರವನ್ನೂ ಕೊಟ್ಟಿದ್ದರು ದುರ್ಗಾಬಾಯಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಶಾಮಿಯಾನದ ಕೆಳಗೆ ಸಾಲಾಗಿ ಇಟ್ಟ ಹೊಲಿಗೆ ಮಷಿನ್‌ಗಳು, ಒಂದೊಂದರ ಹಿಂದೆ ಒಬ್ಬೊಬ್ಬ ಹೆಣ್ಣುಮಗಳು, ಮಧ್ಯದಲ್ಲಿ ಹಾರ ಹಾಕಿಕೊಂಡ ಮುಖಂಡರು. ಇಂಥ ಫೋಟೊಗಳನ್ನು ನಾನು ನಲವತ್ತು ವರ್ಷದಿಂದ ನೋಡುತ್ತಾ ಬಂದಿದ್ದೇನೆ. ಮಷಿನ್ ಕೊಡುವುದು ತಪ್ಪು ಅಂತ ನಾನು ಖಂಡಿತ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಒಲೆ ಉರಿದದ್ದೇ ಒಂದು ಕಾಲಕ್ಕೆ ಹೊಲಿಗೆ ಮಷಿನ್‌ನಿಂದ. ಆದರೆ ಆ ಫೋಟೊ ನೋಡಿದ ದಿನ ಬೆಳಗ್ಗೆಯಿಂದ ಸಂಜೆವರೆಗೂ ನನ್ನ ತಲೆಯಲ್ಲಿ ಒಬ್ಬರೇ ಓಡಾಡುತ್ತಿದ್ದರು. ದುರ್ಗಾಬಾಯಿ ದೇಶಮುಖ್. ಅವರ ಬಗ್ಗೆ, ಅವರು ಹಳ್ಳಿ ಹೆಂಗಸರಿಗೆ ಮಾಡಿದ ಕೆಲಸದ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ಕೂತಿದ್ದೇನೆ. ಪತ್ರ ಉದ್ದವಾದರೆ ಕ್ಷಮಿಸಿ, ಆದರೆ ದಯವಿಟ್ಟು ಪೂರ್ತಿ ಹಾಕಿ.

ನಮ್ಮಲ್ಲಿ ಈಗ ಈ ಹೆಸರು ಹೇಳಿದರೆ ತುಂಬ ಜನಕ್ಕೆ ಗೊತ್ತಾಗುವುದಿಲ್ಲ. ದೆಹಲಿಗೆ ಹೋಗಿ ಬಂದವರು ಮೆಟ್ರೊದಲ್ಲಿ ಸೌತ್ ಕ್ಯಾಂಪಸ್ ನಿಲ್ದಾಣದ ಬೋರ್ಡಿನ ಮೇಲೆ ಓದಿರುತ್ತಾರೆ ಅಷ್ಟೇ. ಸಂವಿಧಾನ ಬರೆದ ಸಭೆಯಲ್ಲಿ ಇದ್ದ ಹದಿನೈದು ಹೆಂಗಸರಲ್ಲಿ ಅವರೂ ಒಬ್ಬರು. ಹುಟ್ಟಿದ್ದು 1909ರಲ್ಲಿ, ಆಂಧ್ರದ ರಾಜಮಂಡ್ರಿಯಲ್ಲಿ. ಎಂಟನೇ ವಯಸ್ಸಿಗೇ ಮದುವೆ ಮಾಡಿಬಿಟ್ಟಿದ್ದರು. ಬುದ್ಧಿ ಬಂದ ಮೇಲೆ ಆ ಮದುವೆ ತನಗೆ ಬೇಡ ಅಂತ ಬಾಯಿಬಿಟ್ಟು ಹೇಳಿ, ಅದರಿಂದ ಹೊರಗೆ ಬಂದವರು. ಹಿಂದಿ ಕಲಿತು, ಇನ್ನೂ ಹುಡುಗಿಯಾಗಿದ್ದಾಗಲೇ ಹೆಣ್ಣುಮಕ್ಕಳಿಗೆ ಹಿಂದಿ ಶಾಲೆ ನಡೆಸಿದರು. 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಖಾದಿ ಪ್ರದರ್ಶನದ ಬಾಗಿಲಲ್ಲಿ ಸ್ವಯಂಸೇವಕಿಯಾಗಿ ನಿಂತಿದ್ದಾಗ, ಟಿಕೆಟ್ ಇಲ್ಲದೆ ಬಂದ ಜವಾಹರಲಾಲ್ ನೆಹರೂ ಅವರನ್ನೇ ಒಳಗೆ ಬಿಡಲಿಲ್ಲ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಚೆನ್ನಾಗಿಯೂ ಇದೆ. ನನಗೆ ಮಾತ್ರ ಜಾಸ್ತಿ ಮುಖ್ಯ ಅನ್ನಿಸುವುದು ಆಮೇಲೆ ಜೈಲಿನಲ್ಲಿ ನಡೆದದ್ದು.

ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಅವರು ಮತ್ತೆ ಮತ್ತೆ ಜೈಲಿಗೆ ಹೋದರು. ಅಲ್ಲಿ ಅವರ ಜೊತೆ ಇದ್ದ ಎಷ್ಟೋ ಹೆಂಗಸರಿಗೆ ತಮ್ಮ ಮೇಲಿರುವ ಕೇಸು ಏನು ಅಂತಲೇ ಸರಿಯಾಗಿ ಗೊತ್ತಿರಲಿಲ್ಲ. ಓದಲು ಬಾರದು. ಕಾನೂನು ತಿಳಿಯದು. ಯಾರೋ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಒಳಗೆ ಬಂದವರೂ ಇದ್ದರು. ಅದನ್ನು ನೋಡಿದ ದುರ್ಗಾಬಾಯಿ ಹೊರಗೆ ಬಂದ ಮೇಲೆ ಭಾಷಣ ಮಾಡುತ್ತಾ ತಿರುಗಲಿಲ್ಲ, ಪುಸ್ತಕ ಹಿಡಿದು ಕೂತರು. ಬನಾರಸ್ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿ ಪಾಸಾದರು. ಆಮೇಲೆ ಬಿ.ಎ. ಓದಲು ಆಂಧ್ರ ವಿಶ್ವವಿದ್ಯಾಲಯಕ್ಕೆ ಹೋದರೆ, ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇಲ್ಲ, ಸೀಟು ಕೊಡಲು ಆಗುವುದಿಲ್ಲ ಅಂದರು. ಇವರು ತಮ್ಮ ಹಾಗೇ ಓದುವ ಆಸೆ ಇದ್ದ ಹುಡುಗಿಯರನ್ನು ಹುಡುಕಿ ಒಟ್ಟು ಸೇರಿಸಿ, ಹಾಸ್ಟೆಲನ್ನೇ ಶುರು ಮಾಡಿ, ಈಗ ಸೀಟು ಕೊಡಿ ಅಂತ ಹೋಗಿ ನಿಂತರು. ಬಿ.ಎ. ಮುಗಿಸಿ ಆಮೇಲೆ ಮದ್ರಾಸಿನಲ್ಲಿ ಲಾ ಕೂಡ ಓದಿ ವಕೀಲರಾದರು.

1937ರಲ್ಲಿ ಮದ್ರಾಸಿನಲ್ಲಿ ಅವರು ಶುರು ಮಾಡಿದ ಆಂಧ್ರ ಮಹಿಳಾ ಸಭಾ ಕೂಡ ಹೀಗೆ ಹುಟ್ಟಿದ್ದೇ. ತಾವು ಪಾಸಾದ ಅದೇ ಬನಾರಸ್ ಮೆಟ್ರಿಕ್ ಪರೀಕ್ಷೆಗೆ ಬೇರೆ ಹೆಂಗಸರನ್ನೂ ತಯಾರು ಮಾಡಲು ಪಾಠ ಶುರುವಾಯಿತು. ಪಾಠಕ್ಕೆ ಬಂದವರಿಗೆ ಉಳಿಯಲು ಜಾಗ ಬೇಕಾಯಿತು, ಹಾಸ್ಟೆಲ್ ಆಯಿತು. ಉಳಿದವರಿಗೆ ಕೈಗೆ ನಾಲ್ಕು ಕಾಸು ಬೇಕಾಯಿತು, ಕೈಕೆಲಸದ ವಿಭಾಗ ಬಂತು. ಹೆರಿಗೆ, ಮಕ್ಕಳ ಕಾಯಿಲೆ ಅಂತ ಬರುವವರಿಗಾಗಿ ನರ್ಸಿಂಗ್ ಹೋಮ್ ಬಂತು. ನರ್ಸಿಂಗ್ ಹೋಮ್ ಇದ್ದ ಮೇಲೆ ನರ್ಸ್‌ಗಳು ಬೇಕು, ಅವರ ತರಬೇತಿಯೂ ಸೇರಿಕೊಂಡಿತು. ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬಂತೇ ಹೊರತು, ಮೊದಲೇ ಕಾಗದದ ಮೇಲೆ ಆರೋಗ್ಯ ಒಂದು, ಶಿಕ್ಷಣ ಒಂದು, ಕರಕುಶಲ ಒಂದು ಅಂತ ಗೆರೆ ಹೊಡೆದು ಹಂಚಿಕೊಂಡಿದ್ದಲ್ಲ. ಬಾಗಿಲಿಗೆ ಬಂದ ಹೆಂಗಸಿಗೆ ಮೂರೂ ಬೇಕಿತ್ತು, ಮೂರೂ ಒಂದೇ ಸೂರಿನ ಕೆಳಗೆ ಸಿಕ್ಕಿತು.

ಸ್ವಾತಂತ್ರ್ಯ ಬಂದ ಮೇಲೆ, 1952ರ ಮೊದಲ ಚುನಾವಣೆಯಲ್ಲಿ ದುರ್ಗಾಬಾಯಿ ಗೆಲ್ಲಲಿಲ್ಲ. ಈಗಿನ ಕಾಲವಾಗಿದ್ದರೆ ಸೋತವರ ಮನೆ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಅವರನ್ನು ಯೋಜನಾ ಆಯೋಗಕ್ಕೆ ಸದಸ್ಯೆಯಾಗಿ ಕರೆದರು. ಅಲ್ಲಿ ಅವರು ಹಠ ಹಿಡಿದು, ಹೆಂಗಸರು, ಮಕ್ಕಳು, ಅಂಗವಿಕಲರಿಗಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆಗಳಿಗೆ ಅಂತ ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ನಾಲ್ಕು ಕೋಟಿ ರೂಪಾಯಿ ಎತ್ತಿಡಿಸಿದರು. ಅದನ್ನು ಹಂಚಲು 1953ರ ಆಗಸ್ಟ್‌ನಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಂತು, ಅದರ ಮೊದಲ ಅಧ್ಯಕ್ಷೆ ಅವರೇ. ಮುಂದಿನ ವರ್ಷವೇ ಹಳ್ಳಿಗಳಿಗೆ ಇಳಿದರು. ಒಂದೊಂದು ಯೋಜನೆಗೆ ಸುಮಾರು ಇಪ್ಪತ್ತೈದು ಹಳ್ಳಿ. ಕೇಂದ್ರಗಳಲ್ಲಿ ಒಬ್ಬ ಗ್ರಾಮಸೇವಕಿ, ಒಬ್ಬ ಕೈಕೆಲಸ ಕಲಿಸುವವರು, ಒಬ್ಬ ತರಬೇತಿ ಪಡೆದ ದಾದಿ. ಬೆಳಗ್ಗೆ ಮಕ್ಕಳಿಗೆ ಬಾಲವಾಡಿ, ಮಧ್ಯಾಹ್ನ ಅಮ್ಮಂದಿರಿಗೆ ಅಕ್ಷರ ಮತ್ತು ಹೊಲಿಗೆ, ಬಸುರಿ ಬಾಣಂತಿಯರಿಗೆ ದಾದಿ.

ಇದೆಲ್ಲ ಕೇಳಲು ಸಲೀಸು. ಆದರೆ ಕೆಲಸ ಶುರುವಾದ ಕೂಡಲೇ ಒಂದು ದೊಡ್ಡ ತೊಡಕು ಎದುರಾಯಿತು. ಹಳ್ಳಿಯಲ್ಲಿ ಇದ್ದು ಕೆಲಸ ಮಾಡುವ ಓದಿದ ಹೆಂಗಸರು ಎಲ್ಲಿಂದ ಬರಬೇಕು? ಪಟ್ಟಣದಲ್ಲಿ ಓದಿದವರು ಹಳ್ಳಿಗೆ ಬಂದು ಉಳಿಯುವುದಿಲ್ಲ. ಹಳ್ಳಿಯಲ್ಲಿರುವವರು ಮೂರನೇ ಕ್ಲಾಸೋ ಐದನೇ ಕ್ಲಾಸೋ ಓದಿ ಬಿಟ್ಟಿರುತ್ತಾರೆ, ಅವರನ್ನು ದಾದಿ ತರಬೇತಿಗೂ ತಗೊಳ್ಳುವುದಿಲ್ಲ, ಟೀಚರ್ ತರಬೇತಿಗೂ ತಗೊಳ್ಳುವುದಿಲ್ಲ. ಇಲ್ಲಿಯೇ ದುರ್ಗಾಬಾಯಿ ಅವರ ತಲೆ ಓಡಿದ್ದು. 1958ರಲ್ಲಿ ಅವರು ವಯಸ್ಕ ಹೆಂಗಸರಿಗೆ ಅಂತ ಸಂಕ್ಷಿಪ್ತ ಶಿಕ್ಷಣ ಕೋರ್ಸ್ ಶುರು ಮಾಡಿಸಿದರು. ಹದಿನೆಂಟರಿಂದ ಮೂವತ್ತು ವರ್ಷದ ಒಳಗಿನ, ಅರ್ಧಕ್ಕೇ ಶಾಲೆ ಬಿಟ್ಟ ಹೆಂಗಸರು, ಅದರಲ್ಲೂ ವಿಧವೆಯರು, ಗಂಡ ಬಿಟ್ಟವರು ಎರಡು ವರ್ಷದಲ್ಲಿ ಮಿಡ್ಲ್ ಸ್ಕೂಲ್ ಅಥವಾ ಮೆಟ್ರಿಕ್ ಪರೀಕ್ಷೆಗೆ ಕೂರುವುದು. ಪಾಸಾದರೆ ದಾದಿ, ಗ್ರಾಮಸೇವಕಿ, ಬಾಲವಾಡಿ ಟೀಚರ್ ತರಬೇತಿಗೆ ಬಾಗಿಲು ತೆರೆಯಿತು. ಹಳ್ಳಿಗೆ ದಾದಿ ಬೇಕು, ಹಳ್ಳಿಯ ವಿಧವೆಗೆ ಅನ್ನ ಬೇಕು. ಎರಡಕ್ಕೂ ಒಂದೇ ಉತ್ತರ ಹುಡುಕಿದರು ನೋಡಿ.

ನಾನು ಇದನ್ನು ಇಷ್ಟು ಬಲವಾಗಿ ಹೇಳಲು ಕಾರಣ ಇದೆ. ನಮ್ಮ ಅಮ್ಮ ಆ ಕೋರ್ಸಿನಲ್ಲಿ ಓದಿದವಳು.

ಅಮ್ಮ ಆರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದಳು. ಹದಿನಾರಕ್ಕೆ ಮದುವೆ. ಅಪ್ಪ ಜ್ವರದಲ್ಲಿ ಹೋದಾಗ ಅವಳಿಗೆ ಇಪ್ಪತ್ತೆರಡು, ನನಗೆ ಎರಡೂವರೆ ವರ್ಷ. ಅಜ್ಜಿಯ ಮನೆಗೆ ವಾಪಸ್ ಬಂದು ಹೊಲ, ಕೊಟ್ಟಿಗೆ ಅಂತ ಇದ್ದಳು. ಊರಿಗೆ ಬರುತ್ತಿದ್ದ ಗ್ರಾಮಸೇವಕಿಯೊಬ್ಬರು ಜಿಲ್ಲಾ ಕೇಂದ್ರದ ಮಹಿಳಾ ಸಮಾಜದಲ್ಲಿ ಇಂಥ ಕೋರ್ಸ್ ನಡೆಯುತ್ತದೆ, ಊಟ ವಸತಿ ಅಲ್ಲೇ ಅಂತ ಹೇಳಿದರಂತೆ. ಅಜ್ಜಿ ಒಂದೇ ಮಾತಿಗೆ ಒಪ್ಪಿದಳು, ಮಗು ನನ್ನ ಹತ್ತಿರ ಇರಲಿ ನೀನು ಹೋಗು ಅಂದಳು. ಊರಿನಲ್ಲಿ ಮಾತ್ರ ಗುಸುಗುಸು. ಗಂಡ ಸತ್ತವಳು ಸ್ಲೇಟು ಹಿಡಿದು ಹೊರಟಿದ್ದಾಳೆ ಅಂತ ಬಸ್ ನಿಲ್ಲುವ ಜಾಗದಲ್ಲೇ ಜೋರಾಗಿ ಹೇಳಿದ್ದರಂತೆ. ಅಮ್ಮ ಅದನ್ನು ಈಗಲೂ ಮರೆತಿಲ್ಲ, ಹೇಳುವಾಗ ಸ್ವಲ್ಪ ಹೊತ್ತು ಸುಮ್ಮನಾಗುತ್ತಾಳೆ.

ಅವಳ ಬ್ಯಾಚಿನಲ್ಲಿ ಇಪ್ಪತ್ತೆರಡು ಜನ. ಬೆಳಗ್ಗೆ ಕನ್ನಡ, ಲೆಕ್ಕ, ಸಮಾಜ, ಇಂಗ್ಲಿಷ್. ಮಧ್ಯಾಹ್ನ ಊಟ ಆದ ಮೇಲೆ ಹೊಲಿಗೆ. ಅಮ್ಮನಿಗೆ ಲೆಕ್ಕ ಅಂದರೆ ಭಯ. ಅದರಲ್ಲೂ ಭಿನ್ನರಾಶಿ ಅಂದರೆ ಕಣ್ಣಲ್ಲಿ ನೀರು. ಕಾಲು ಜಾಸ್ತಿಯೋ ಅರ್ಧ ಜಾಸ್ತಿಯೋ ಅಂತ ಬಾಯಲ್ಲಿ ಹೇಳಲು ಬರುತ್ತಿತ್ತು, ಹಲಗೆ ಮೇಲೆ ಒಂದರ ಕೆಳಗೆ ನಾಲ್ಕು ಬರೆದರೆ ಏನೂ ಹೊಳೆಯುತ್ತಿರಲಿಲ್ಲ. ಹೊಲಿಗೆ ಕಲಿಸುವ ಟೀಚರ್ ಒಂದು ದಿನ ಅವಳ ಕೈಗೆ ಟೇಪ್ ಕೊಟ್ಟು, ರವಿಕೆಯ ಅಳತೆ ತಗೊಂಡು ನೋಟ್‌ಬುಕ್ಕಿನಲ್ಲಿ ಬರಿ ಅಂದರು. ತೋಳು ಆರೂಕಾಲು, ಕತ್ತು ಆರೂವರೆ. ಹೊಲಿಗೆಗೆ ಅಂತ ಎರಡೂ ಕಡೆ ಅರ್ಧರ್ಧ ಇಂಚು ಬಿಡಬೇಕು, ಮಡಿಕೆಗೆ ಮುಕ್ಕಾಲು ಇಂಚು. ಎಲ್ಲ ಕೂಡಿಸಿ ಬಟ್ಟೆ ಎಷ್ಟು ಬೇಕು ಹೇಳು ಅಂದರು. ತಪ್ಪಾದರೆ ರವಿಕೆ ಮೈಗೆ ಕೂರುವುದಿಲ್ಲ, ಬಟ್ಟೆ ಹಾಳು. ಎರಡು ತಿಂಗಳಲ್ಲಿ ಭಿನ್ನರಾಶಿಯ ಭಯ ಹೋಯಿತು ಅಂತಾಳೆ ಅಮ್ಮ. ಬೆಳಗಿನ ಟೀಚರಿಗೆ ಆಗದೆ ಇದ್ದದ್ದು ಮಧ್ಯಾಹ್ನದ ಟೇಪಿನಲ್ಲಿ ಆಯಿತು. ಆ ನೋಟ್‌ಬುಕ್ ಈಗಲೂ ನಮ್ಮ ಮನೆಯಲ್ಲಿದೆ. ಎಡಗಡೆ ಹಾಳೆಯಲ್ಲಿ ರವಿಕೆ, ಲಂಗ, ಚಡ್ಡಿಯ ಅಳತೆಗಳು, ಬಲಗಡೆ ಹಾಳೆಯಲ್ಲಿ ಅದೇ ಕೈಬರಹದಲ್ಲಿ ಲೆಕ್ಕದ ಹೋಮ್‌ವರ್ಕ್.

ಎರಡನೇ ಸಲಕ್ಕೆ ಅಮ್ಮ ಪರೀಕ್ಷೆ ಪಾಸಾದಳು. ಆಮೇಲೆ ಎ.ಎನ್.ಎಂ., ಅಂದರೆ ಹಳ್ಳಿ ದಾದಿಯ ತರಬೇತಿ. ಕೆಲಸ ಸಿಕ್ಕಿದ್ದು ನಮ್ಮ ಊರಿನಿಂದ ಹದಿನಾಲ್ಕು ಕಿಲೋಮೀಟರ್ ದೂರದ ಆರೋಗ್ಯ ಉಪಕೇಂದ್ರದಲ್ಲಿ. ಮೂವತ್ತು ವರ್ಷಕ್ಕಿಂತ ಜಾಸ್ತಿ ಅದೇ ಸುತ್ತಿನ ಹಳ್ಳಿಗಳಲ್ಲಿ ಓಡಾಡಿದಳು. ಸಂಬಳ ಬರುವವರೆಗೂ, ಬಂದ ಮೇಲೂ, ರಾತ್ರಿ ಹೊತ್ತು ಹೊಲಿಯುತ್ತಿದ್ದಳು. ಕುತ್ತಿಗೆಯಲ್ಲಿ ಟೇಪ್ ಯಾವಾಗಲೂ ಇರುತ್ತಿತ್ತು. ನಾನು ಚಿಕ್ಕವಳಿದ್ದಾಗ ಅವಳ ಜೊತೆ ಹೋದಾಗೆಲ್ಲ ನೋಡಿದ್ದೇನೆ, ಮಗು ಸಣಕಲಾಗಿ ಕಂಡರೆ ಆ ಟೇಪನ್ನೇ ತಿರುಗಿಸಿ ಸೆಂಟಿಮೀಟರ್ ಇರುವ ಕಡೆ ಮೇಲೆ ಮಾಡಿ, ಮಗುವಿನ ಎಡಗೈ ತೋಳಿನ ಸುತ್ತ ಹಿಡಿಯುತ್ತಿದ್ದಳು. ಹನ್ನೆರಡೂವರೆಗಿಂತ ಕಡಿಮೆ ಬಂದರೆ ಮಗುವಿಗೆ ಪೌಷ್ಟಿಕ ಆಹಾರ ಸಾಲುತ್ತಿಲ್ಲ ಅಂತ ಅರ್ಥ, ಅವಳ ಮುಖ ಬದಲಾಗುತ್ತಿತ್ತು. ತಾಯಿಗೆ ಬಯ್ಯುತ್ತಿರಲಿಲ್ಲ. ಪಕ್ಕದಲ್ಲಿ ಕೂತು ನಿಮ್ಮ ಮನೆಯಲ್ಲಿ ಎಷ್ಟು ಜನ, ಹಸು ಇದೆಯಾ, ಹಾಲು ಪೂರ್ತಿ ಡೈರಿಗೆ ಹಾಕುತ್ತೀರಾ ಅಂತ ಕೇಳುತ್ತಾ, ರವಿಕೆ ಅಳತೆ ತಗೊಳ್ಳುತ್ತಾ ಮಾತು ತೆಗೆಯುತ್ತಿದ್ದಳು. ಅತ್ತೆ ಎದುರಿಗೆ ಬಾಯಿ ಬಿಡದ ಸೊಸೆಯಂದಿರು ಅಳತೆ ಕೊಡುವಾಗ ಎಲ್ಲ ಹೇಳಿಕೊಳ್ಳುತ್ತಿದ್ದರು. ಮುಟ್ಟು ನಿಂತದ್ದು, ಬಿಳಿ ಹೋಗುವುದು, ಗಂಡ ಹೊಡೆಯುವುದು, ಎಲ್ಲ. ಬರೀ ನರ್ಸ್ ಆಗಿ ಹೋಗಿದ್ದರೆ ಅಷ್ಟು ಹೇಳುತ್ತಿದ್ದರಾ?

ಆರೋಗ್ಯ, ಅಕ್ಷರ, ಕಸುಬು ಮೂರನ್ನೂ ಒಂದು ಕಡೆ ಇಟ್ಟರೆ ಏನಾಗುತ್ತದೆ ಅಂತ ನಾನು ನೋಡಿದ್ದು ಹೀಗೆ. ಈಗ ಪಕ್ಕದ ಬೀದಿಯ ಒಂದು ಮನೆಯ ಕಥೆ ಕೇಳಿ. ಆಕೆಗೆ ನಾಲ್ಕು ವರ್ಷದ ಹಿಂದೆ ಒಂದು ಸಮಾರಂಭದಲ್ಲಿ ಮಷಿನ್ ಕೊಟ್ಟರು. ಯಾರು ಕೊಟ್ಟರು ಅನ್ನುವುದು ಬೇಡ, ಒಳ್ಳೇ ಮನಸ್ಸಿನಿಂದಲೇ ಕೊಟ್ಟಿರಬಹುದು. ಅದಕ್ಕೆ ಮೊದಲು ಮೂರು ತಿಂಗಳ ತರಬೇತಿ ಅಂತ ಇತ್ತು, ಹಾಜರಿ ಹಾಕಿ ಫೋಟೊ ತೆಗೆದು ಕಳಿಸುತ್ತಿದ್ದರು. ನೇರ ಹೊಲಿಗೆ ಬಿಟ್ಟು ಬೇರೆ ಏನನ್ನೂ ಕಲಿಸಲಿಲ್ಲ. ರವಿಕೆ ಕಟ್ ಮಾಡಲು ಬಾರದು, ಅಳತೆ ಬರೆದುಕೊಳ್ಳಲು ಬಾರದು. ಒಂದೆರಡು ಜನ ಬಟ್ಟೆ ಕೊಟ್ಟರು, ಕೆಟ್ಟಿತು, ಆಮೇಲೆ ಯಾರೂ ಬರಲಿಲ್ಲ. ಈಗ ಆ ಮಷಿನ್ ಮೇಲೆ ಹಿಂಡಿ ಮೂಟೆ ಇಟ್ಟಿದ್ದಾರೆ. ಆಕೆಗೆ ಎರಡನೇ ಹೆರಿಗೆ ಆದಾಗ ರಕ್ತ ತುಂಬ ಕಡಿಮೆ ಇತ್ತು, ಕಬ್ಬಿಣದ ಮಾತ್ರೆ ಕೊಟ್ಟಿದ್ದರಂತೆ, ಎಷ್ಟು ದಿನ ನುಂಗಬೇಕು ಅಂತ ಚೀಟಿ ಓದಲು ಬಾರದೆ ವಾರಕ್ಕೇ ಬಿಟ್ಟಿದ್ದಳು. ಮಷಿನ್ ಕೊಟ್ಟವರು, ಮಾತ್ರೆ ಕೊಟ್ಟವರು, ಅಕ್ಷರ ಕಲಿಸಬೇಕಾದವರು, ಮೂವರೂ ತಮ್ಮ ತಮ್ಮ ಪುಸ್ತಕದಲ್ಲಿ ಕೆಲಸ ಆಯಿತು ಅಂತ ಬರೆದುಕೊಂಡಿದ್ದಾರೆ. ಆ ಹೆಣ್ಣುಮಗಳ ಬದುಕಿನಲ್ಲಿ ಮಾತ್ರ ಒಂದೂ ಆಗಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಇನ್ನೊಂದು ಮಾತು. ಹೊಲಿಯಲು ಕಲಿಸಿದರೆ ಸಾಲದು, ಹೊಲಿದದ್ದನ್ನು ಕೊಳ್ಳುವವರೂ ಬೇಕು. ಇದನ್ನು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಎಲ್ಲರಿಗಿಂತ ಮೊದಲೇ ಅರ್ಥ ಮಾಡಿಕೊಂಡಿದ್ದರು. ಅವರೂ ರಾಜಕೀಯದವರೇ. 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಕಡಿಮೆ ಅಂತರದಲ್ಲಿ ಸೋತರು. ಇಡೀ ದೇಶದಲ್ಲಿ ಶಾಸನಸಭೆ ಚುನಾವಣೆಗೆ ನಿಂತ ಮೊದಲ ಹೆಂಗಸು ಅಂತ ಅವರನ್ನು ಹೇಳುತ್ತಾರೆ. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಹಿಂದೆ ಹೋಗದೆ ಸಹಕಾರ ಸಂಘ ಕಟ್ಟಿದರು, ದೇಶ ಒಡೆದಾಗ ಎಲ್ಲ ಕಳೆದುಕೊಂಡು ಬಂದವರಿಗಾಗಿ ಫರಿದಾಬಾದ್‌ನಲ್ಲಿ ದುಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾದಾಗ ಅದರ ಹೊಣೆ ಹೊತ್ತು, ಹಳ್ಳಿ ಹಳ್ಳಿ ಸುತ್ತಿ, ಕುಶಲಕರ್ಮಿಗಳ ಮನೆ ಬಾಗಿಲಿಗೇ ಹೋಗಿ, ಏನು ಮಾಡುತ್ತೀರಿ, ಯಾರಿಗೆ ಮಾರುತ್ತೀರಿ ಅಂತ ಕೇಳಿದರು. ದೆಹಲಿಯ ಕಾಟೇಜ್ ಎಂಪೋರಿಯಂ ಅವರ ಸಹಕಾರ ಸಂಘದ ಕೈಯಲ್ಲಿ ಬೆಳೆಯಿತು. ಮಾಡುವವರ ಕೈಗೂ ಕೊಳ್ಳುವವರ ಕೈಗೂ ನಡುವೆ ಒಂದು ನಂಬಿಕಸ್ಥ ಅಂಗಡಿ ಇರಬೇಕು ಅನ್ನುವುದನ್ನು ಅವರು ಮಾಡಿ ತೋರಿಸಿದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈಗ ನಮ್ಮ ಲಂಬಾಣಿ ಹೆಂಗಸರ ಕಸೂತಿ, ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆಗೆ ಪಟ್ಟಣದಲ್ಲಿ ಒಳ್ಳೇ ಬೆಲೆ ಇದೆ, ಆದರೆ ಸೂಜಿ ಹಿಡಿದವಳ ಕೈಗೆ ಅದರಲ್ಲಿ ಎಷ್ಟು ಬರುತ್ತದೆ ಅಂತ ಕೇಳುವ ಜನಪ್ರತಿನಿಧಿ ಎಷ್ಟು ಜನ ಇದ್ದಾರೆ ಹೇಳಿ. ಕಮಲಾದೇವಿ ಕೇಳುತ್ತಿದ್ದದ್ದು ಅದನ್ನೇ.

ನಮ್ಮ ರಾಜ್ಯದಲ್ಲೂ ಇಂಥವರು ಇದ್ದರು. ಯಶೋಧರಾ ದಾಸಪ್ಪನವರು ಮಂತ್ರಿ ಆಗಿದ್ದವರು, ಪಾನನಿರೋಧದ ವಿಷಯದಲ್ಲಿ ರಾಜಿ ಆಗಲಾರೆ ಅಂತ ಆ ಕುರ್ಚಿಯನ್ನೇ ಬಿಟ್ಟವರು. ಕಸ್ತೂರ್ಬಾ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ದೇಶದ ಜನ ಕೊಟ್ಟ ದುಡ್ಡನ್ನು ಹಳ್ಳಿಯ ಹೆಂಗಸರು ಮಕ್ಕಳಿಗೇ ಖರ್ಚು ಮಾಡಬೇಕು ಅಂತ ಗಾಂಧೀಜಿ ಹೇಳಿದ್ದರು. ಆ ದುಡ್ಡಿನಿಂದ ಆದ ಕಸ್ತೂರ್ಬಾ ಟ್ರಸ್ಟಿನ ಕೆಲಸ ನಮ್ಮ ಅರಸೀಕೆರೆಯ ಕಸ್ತೂರ್ಬಾ ಗ್ರಾಮದಲ್ಲೂ ಬೇರು ಬಿಟ್ಟಿತು. ಗ್ರಾಮಸೇವಕಿಯರ ತರಬೇತಿ, ಬಾಲವಾಡಿ, ನೂಲುವುದು, ಬಾಣಂತಿ ಆರೈಕೆ. ಅಲ್ಲೂ ಅದೇ ಮೂರು, ಅಲ್ವಾ?

ನೀವು ಕೇಳಬಹುದು, ಅದೆಲ್ಲ ಹಳೇ ಕಾಲ, ಈಗ ಸರ್ಕಾರದಲ್ಲೇ ಎಲ್ಲ ಇದೆಯಲ್ಲ ಅಂತ. ಇದೆ. ನಾನು ಇಲ್ಲ ಅನ್ನುವುದಿಲ್ಲ. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು ಟಿ. ನರಸೀಪುರದಲ್ಲಿ ಶುರುವಾದವು, ಈಗ ಅಂಗನವಾಡಿ ಇಲ್ಲದ ಊರು ಸಿಗುವುದು ಕಷ್ಟ. ಆಶಾ ಕಾರ್ಯಕರ್ತೆಯರು ಇದ್ದಾರೆ, ಸ್ತ್ರೀಶಕ್ತಿ ಗುಂಪು, ಸಂಜೀವಿನಿ ಒಕ್ಕೂಟ ಇದೆ. ಪಂಚಾಯಿತಿಯ ಲೈಬ್ರರಿ ಅರಿವು ಕೇಂದ್ರ ಆಗಿದೆ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಕೂಸಿನ ಮನೆ ಬಂದಿದೆ. ದುರ್ಗಾಬಾಯಿ ಅವರ ಕಾಲದಲ್ಲಿ ಕನಸಿನಲ್ಲೂ ಕಾಣದಷ್ಟು ಇದೆ. ಆದರೆ ನಮ್ಮ ಊರಿನಲ್ಲಿ ಈ ಎಲ್ಲ ಕಟ್ಟಡಗಳೂ ಅರ್ಧ ಕಿಲೋಮೀಟರ್ ಒಳಗೇ ಇವೆ, ಒಂದರಲ್ಲಿರುವವರಿಗೆ ಇನ್ನೊಂದರಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಿಲ್ಲ. ಬೇರೆ ಬೇರೆ ಇಲಾಖೆ, ಬೇರೆ ಬೇರೆ ರಿಜಿಸ್ಟರ್, ಬೇರೆ ಬೇರೆ ದಿನ. ಅಂಗನವಾಡಿಗೆ ಒಂದು ದಿನದ ಕೂಲಿ ಬಿಟ್ಟು ಬಂದ ತಾಯಿ ಸಂಘದ ಸಭೆಗೆ ಇನ್ನೊಂದು ದಿನ, ಚುಚ್ಚುಮದ್ದಿಗೆ ಮತ್ತೊಂದು ದಿನ ಕೂಲಿ ಬಿಡಬೇಕು. ಅಷ್ಟು ದಿನ ಯಾರು ಬಿಡುತ್ತಾರೆ?

ಇದನ್ನು ಸರಿ ಮಾಡಲು ಹೊಸ ಯೋಜನೆ ಬೇಡ, ಹೊಸ ಕಟ್ಟಡವೂ ಬೇಡ. ಹಿಡಿದು ಒಂದು ಕಡೆ ಕೂರಿಸುವವರು ಬೇಕು. ಆ ಕೆಲಸ ಜನಪ್ರತಿನಿಧಿಯದು, ಅದರಲ್ಲೂ ಹೆಣ್ಣುಮಕ್ಕಳಾದ ಜನಪ್ರತಿನಿಧಿಗಳು ಮನಸ್ಸು ಮಾಡಿದರೆ ಬೇಗ ಆಗುತ್ತದೆ. ನಮ್ಮಲ್ಲಿ ಅಂಥವರು ಕಡಿಮೆ ಏನಿಲ್ಲ. 1987ರಲ್ಲೇ ಮಂಡಲ ಪಂಚಾಯಿತಿಗಳಲ್ಲಿ ಶೇಕಡಾ 25 ಸ್ಥಾನ ಹೆಂಗಸರಿಗೆ ಮೀಸಲಿಟ್ಟು ಚುನಾವಣೆ ಮಾಡಿದ ರಾಜ್ಯ ಇದು. ಈಗ ಪಂಚಾಯಿತಿಗಳಲ್ಲಿ ಅರ್ಧ ನಮ್ಮವರೇ. ವಿಧಾನಸಭೆಯಲ್ಲಿ ಮಾತ್ರ 2023ರ ಚುನಾವಣೆಯಲ್ಲಿ 224ರಲ್ಲಿ ಗೆದ್ದದ್ದು ಹತ್ತೇ ಜನ. ಲೋಕಸಭೆ ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಮೀಸಲು ಅಂತ ಸಂವಿಧಾನ ತಿದ್ದುಪಡಿ ಆಗಿರುವುದರಿಂದ ಮುಂದೆ ಸಂಖ್ಯೆ ಜಾಸ್ತಿ ಆಗುತ್ತದೆ, ಆಗಲಿ, ನನಗೂ ಅದೇ ಬೇಕು. ಸಂಖ್ಯೆ ಬಂದಾಗ ಕೆಲಸ ಹೇಗೆ ಮಾಡುವುದು ಅನ್ನುವುದನ್ನು ಈಗಲೇ ಯೋಚಿಸಿಕೊಳ್ಳಬೇಕು. ಅದಕ್ಕೆ ದೂರ ಹೋಗಬೇಕಾಗಿಲ್ಲ, ದುರ್ಗಾಬಾಯಿ ಮಾಡಿಟ್ಟು ಹೋಗಿದ್ದಾರೆ.

ನಾನು ನಿವೃತ್ತಿ ಆದ ಮೇಲೆ ನಮ್ಮ ಪಂಚಾಯಿತಿಯ ಅಧ್ಯಕ್ಷೆಯ ಹತ್ತಿರ ಹೋಗಿ ಇಷ್ಟು ಕೇಳಿಕೊಂಡೆ. ವಾರಕ್ಕೆ ಒಂದು ಮಧ್ಯಾಹ್ನ, ಅರಿವು ಕೇಂದ್ರದ ಹಜಾರದಲ್ಲಿ, ಆಶಾ ಬರಲಿ, ಸಂಘದವರು ಬರಲಿ, ಹೊಲಿಗೆ ಬರುವ ಒಬ್ಬರು ಬರಲಿ, ನಾನು ಓದು ಬರಹ ಲೆಕ್ಕ ಹೇಳಿಕೊಡುತ್ತೇನೆ, ದುಡ್ಡು ಬೇಡ. ಮಕ್ಕಳು ಪಕ್ಕದ ಕೂಸಿನ ಮನೆಯಲ್ಲಿ ಇರಲಿ. ಆಕೆ ಪಾಪ ಚಿಕ್ಕ ವಯಸ್ಸಿನವಳು, ಮೊದಲ ಸಲ ಗೆದ್ದವಳು, ಆಯಿತು ಅಂದಳು. ಶುರುವಾಗಿ ಐದು ತಿಂಗಳಾಯಿತು. ಮೊದಲ ವಾರ ನಾಲ್ಕು ಜನ ಬಂದಿದ್ದರು, ಈಗ ಹದಿನೇಳು. ಅವರಲ್ಲಿ ಮೂವರು ಖಾಸಗಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟುತ್ತೇವೆ ಅಂತ ಹಠ ಹಿಡಿದಿದ್ದಾರೆ. ಹಿಂಡಿ ಮೂಟೆ ಇಳಿಸಿ ಮಷಿನ್ ಒರೆಸಿಟ್ಟಿದ್ದೇನೆ ಅಂತ ಪಕ್ಕದ ಬೀದಿಯ ಆಕೆ ಹೋದ ವಾರ ಹೇಳಿದಳು. ಈ ಸಲದ ಪಾಠಕ್ಕೆ ಅಮ್ಮನ ನೋಟ್‌ಬುಕ್ ತಗೊಂಡು ಹೋಗಿದ್ದೆ. ಆರೂಕಾಲನ್ನು ಅಂಕಿಯಲ್ಲಿ ಹೇಗೆ ಬರೆಯುವುದು ಅಂತ ಆಕೆಯೇ ಮೊದಲು ಹೇಳಿದಳು.

ಕೊನೆಗೆ ನಿಮ್ಮಲ್ಲಿ ಎರಡು ಕೇಳಿಕೆ. ಮಷಿನ್ ಹಂಚುವ ಫೋಟೊ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಒಂದು ವರ್ಷ ಆದ ಮೇಲೆ ನಿಮ್ಮ ವರದಿಗಾರರನ್ನು ಅದೇ ಮನೆಗಳಿಗೆ ಇನ್ನೊಂದು ಸಲ ಕಳಿಸಿ, ಮಷಿನ್ ಓಡುತ್ತಿದೆಯಾ, ತಿಂಗಳಿಗೆ ಎಷ್ಟು ಬರುತ್ತಿದೆ, ಆ ಮನೆಯ ಹೆಂಗಸಿನ ಆರೋಗ್ಯ ಹೇಗಿದೆ ಅಂತ ಕೇಳಿಸಿ, ಅದನ್ನೂ ಅಷ್ಟೇ ದೊಡ್ಡದಾಗಿ ಹಾಕಿ. ಎರಡನೆಯದು, ಆ ಸಂಕ್ಷಿಪ್ತ ಕೋರ್ಸಿನಲ್ಲಿ 60-70ರ ದಶಕದಲ್ಲಿ ಓದಿ ದಾದಿ, ಟೀಚರ್, ಗ್ರಾಮಸೇವಕಿ ಆದ ಹೆಂಗಸರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಹೆಚ್ಚಿನವರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ. ಅಮ್ಮನ ಬ್ಯಾಚಿನ ಇಪ್ಪತ್ತೆರಡರಲ್ಲಿ ನಮಗೆ ಗೊತ್ತಿರುವಂತೆ ಉಳಿದವರು ಐವರು. ಅವರನ್ನು ಮಾತನಾಡಿಸಿ ಬರೆಸಿಕೊಳ್ಳಿ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅಮ್ಮನ ನೋಟ್‌ಬುಕ್ ಬೇಕಾದರೆ ನಾನೇ ಕಚೇರಿಗೆ ತಂದು ತೋರಿಸುತ್ತೇನೆ. ಹಾಳೆಗಳು ತುಂಬ ಹಳೆಯವು, ಅಂಚು ಉದುರುತ್ತಿದೆ, ಫೋಟೊ ತೆಗೆದುಕೊಂಡು ಅಲ್ಲೇ ವಾಪಸ್ ಕೊಟ್ಟರೆ ಸಾಕು.

ಇಂತಿ,
ನಿಮ್ಮ ಹಳೆಯ ಓದುಗರು,
ನಿವೃತ್ತ ಶಿಕ್ಷಕಿ, ಹಾಸನ ಜಿಲ್ಲೆ